ತೊಯ್ದ ಹಗ್ಗದ ಅಳತಿ

ಆ ಮುಂಜಾನೆ ಮಳೆ ನಿಂತಿತ್ತು, ಬಿಸಿಲು ಬಂದಿರಲಿಲ್ಲ. ಚಿತ್ತಿ ಮಳೆ ಇರುಳೆಲ್ಲ ಹೊಡೆದು ಹೋಗಿತ್ತು. ಮಲಪ್ರಭೆಯ ಮೇಲೆ ಮಂಜು ಹೊಗೆಯ ಹಾಗೆ ಕುಂತಿತ್ತು. ಗಾಳಿ ಇಲ್ಲ. ಗಾಳಿ ಇಲ್ಲದ ದಿನ ಊರಿನ ವಾಸನೆ ನಮ್ಮ ಕೇರಿಗೆ ಬಂದು ಕುಂತರೆ ಏಳುವುದಿಲ್ಲ. ಮೇಲಿನ ಓಣಿಗಳ ಬಚ್ಚಲ ನೀರು, ದನದ ಉಚ್ಚೆ, ಗೌಡರ ತಿಪ್ಪೆಯ ರಸ, ಎಲ್ಲ ಇಳಿಜಾರಿಗೆ ಹರಿದು ಬಂದು ನಮ್ಮ ಹೊಸ್ತಿಲ ಮುಂದೆ ನಿಂತಿತ್ತು. ಅದರೊಳಗೇ ಕಾಲಿಟ್ಟು ನಾವು ಹೆಂಗಸರು ಕಲ್ಲು ಹೊರಲಿಕ್ಕೆ ಹೊರಟೆವು.

ದೇವರು ಭೂಮಿ ಮಾಡಿದಾಗ ದಿಕ್ಕುಗಳನ್ನೂ ಮಾಡಿದ. ಅವನ ಕೈಯಲ್ಲಿ ನಾಲ್ಕೂ ಸಮ ಇದ್ದವು. ಊರು ಕಟ್ಟಿದವರು ಅವನ್ನು ತಮತಮಗೆ ಹಂಚಿಕೊಂಡರು. ನಮ್ಮ ಕಡೆ ಗಾಳಿ ಪಡುವಣದಿಂದ ಬೀಸುತ್ತದೆ, ಹೊಳೆ ಮೂಡಣಕ್ಕೆ ಹರಿಯುತ್ತದೆ. ಅದಕ್ಕೇ ಹಣಮಂತದೇವರ ಗುಡಿ ಪಡುವಣಕ್ಕೆ, ಏರಿನ ಮೇಲೆ. ಅದರ ಮುಂದೆ ಕುಲಕರ್ಣಿಯವರ ಓಣಿ. ಅದರ ಕೆಳಗೆ ಗೌಡರ ವಾಡೆ. ಅದರ ಕೆಳಗೆ ಒಕ್ಕಲು ಮಕ್ಕಳು. ಎಲ್ಲಕ್ಕಿಂತ ಕೆಳಗೆ, ಮೂಡಣಕ್ಕೆ, ಒಂದು ಗಟಾರದ ಆಚೆ ನಾವು. ನಮ್ಮ ಮೈಮೇಲೆ ಹಾದ ಗಾಳಿ ಅವರಿಗೆ ತಾಕಬಾರದು. ಅವರು ಮೈ ತೊಳೆದ ನೀರು ನಾವು ಕುಡಿಯಬೇಕು. ಕಾಗದ ಮಸಿ ಏನೂ ಇಲ್ಲದೆ ನಮ್ಮ ಹಿರಿಯರ ಹಣೆ ಮೇಲೆ ಬರೆದ ನಕಾಶೆ ಇದು. ಅದನ್ನು ಓದಲು ಸಾಲಿ ಕಲಿಯಬೇಕಾಗಿರಲಿಲ್ಲ. ಮೂಗು ಇದ್ದರೆ ಸಾಕಿತ್ತು.

ಸ್ವಾತಂತ್ರ್ಯ ಬಂದು ಕೆಲವು ವರ್ಷವಾಗಿತ್ತು. ಊರೊಳಗೆ ಡಂಗುರ ಸಾರಿದರು. ಗಾಂವಠಾಣದ ಮೋಜಣಿ ಆಗತೈತಿ, ಅಂದರೆ ಮನಿಗಳಿರುವ ಜಾಗ ಅಳೀತಾರ, ನಕಾಶೆ ಮಾಡತಾರ, ಗಡಿಕಲ್ಲು ಹುಗೀತಾರ. ಕಲ್ಲಿನ ಒಳಗ ಮನಿ ಇದ್ದವರು ಮನಿಗೆ ಮಾಲಕರು. ಕಲ್ಲಿನ ಹೊರಗ ಇದ್ದವರು ಎದ್ದು ಹೋಗಬೇಕು.

ನಮ್ಮ ಕೇರಿಗೂ ಒಳಗ ಜಾಗ ಇಟ್ಟಾರ ಅಂತ ಕೇಳಿದಾಗ ಶೆಟ್ಟೆವ್ವ ದುರಗವ್ವನ ಕಟ್ಟೆಗೆ ಐದು ಸಲ ಹಣೆ ಹಚ್ಚಿದಳು. ಶೆಟ್ಟೆವ್ವನ ಮನೆ ಗಟಾರದ ದಂಡೆಗೇ ಇತ್ತು, ಊರಿಗೆ ಎಲ್ಲಕ್ಕಿಂತ ಸಮೀಪ. ಮಣ್ಣಿನ ಗೋಡೆ, ಮುಂದೊಂದು ಚಪ್ಪರ, ಚಪ್ಪರದಾಗ ಒಲೆ. ಪುಂಡಿ ನಾರಿನ ಹಗ್ಗ ಹೊಸೆಯುವುದು ಆಕೆಯ ಕಸುಬು. ಆಕೆಯ ಗಂಡ ರಾಯಪ್ಪನಿಗೆ ಸರಕಾರದ ಸರಪಳಿ ಎಳೆಯುವ ಕೆಲಸ ಸಿಕ್ಕಿತು.

ಬೈಲಹೊಂಗಲದ ಕಡೆಯಿಂದ ಬಂದ ಮೋಜಣಿದಾರನ ಹೆಸರು ರಘೋತ್ತಮರಾವ. ಸಣ್ಣ ವಯಸ್ಸು. ತಣ್ಣಗಿನ ಮಾತು. ಮೂರು ಕಾಲಿನ ಹಲಗೆಯ ಮೇಲೆ ಕಾಗದ ಹಚ್ಚಿ, ಉತ್ತರ ತೋರಿಸುವ ಮುಳ್ಳು ಇಟ್ಟು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಅವನ ಜೊತೆ ಬಂದ ಸಿಪಾಯಿ ಹಜರತಸಾಬ. ಬಾವುಟ ಹಿಡಿಯುವವನೂ ಅವನೇ, ಗಾಡಿ ಹೊಡೆಯುವವನೂ ಅವನೇ.

ಮೊದಲು ಊರಿನ ಹೊರಗಿನ ಸುತ್ತು ಅಳೆದರು. ಜಾಲಿ ಮುಳ್ಳಿನೊಳಗೆ, ಹಳ್ಳದ ರಾಡಿಯೊಳಗೆ ರಾಯಪ್ಪ ಆ ಕಬ್ಬಿಣದ ಸರಪಳಿ ಎಳೆದ. ಕಡಿಗಳು ಅಂಗೈ ಸುಲಿದವು. ಸಂಜೆ ರೊಟ್ಟಿ ಮುರಿಯಲಿಕ್ಕೆ ಅವನಿಗೆ ಬೆರಳು ಮಡಚುತ್ತಿರಲಿಲ್ಲ, ಶೆಟ್ಟೆವ್ವನೇ ಮುರಿದು ಕೊಡುತ್ತಿದ್ದಳು. ಆದರೂ ಅವ ನಗುತ್ತಿದ್ದ.

“ಎಳದ ಎಳದ ಇಡೀ ಊರ ನನ್ನ ಕೈಯಾಗ ಬಂತ ನೋಡ” ಅನ್ನುತ್ತಿದ್ದ.

“ಕೈಯಾಗ ಚರ್ಮ ಉಳದೈತೇನ ನೋಡ್ಕೋ ಮೊದಲ” ಅನ್ನುತ್ತಿದ್ದಳು ಶೆಟ್ಟೆವ್ವ.

ಹೊರಸುತ್ತು ಮುಗಿಯಿತು. ಮಳೆ ನಿಂತ ಆ ದಿನ ಒಳಗಿನ ಓಣಿಗಳನ್ನು ಅಳೆಯುವುದಿತ್ತು.

ಮನೋಳಿ ದಾರಿಯಿಂದ ಕಲ್ಲು ತಂದ ಗಾಡಿ ಎರೆಮಣ್ಣಿನ ಕೆಸರಿಗೆ ಅಚ್ಚಿನತನಕ ಹುಗಿದು ನಿಂತಿತ್ತು. ಅಲ್ಲಿಂದ ಕಲ್ಲು ನಮ್ಮ ತಲೆಗೆ ಬಂತು. ಅರಿವೆಯ ಸಿಂಬಿ ಸುತ್ತಿ, ಅದರ ಮೇಲೆ ಕಲ್ಲು ಹೊತ್ತು, ಮೊಣಕಾಲುದ್ದ ಕೆಸರಿನಲ್ಲಿ ನಡೆದೆವು. ಕುತ್ತಿಗೆಯ ನರ ಕಿತ್ತು ಬಂದ ಹಾಗಾಗುತ್ತಿತ್ತು. ಒಂದು ಕಲ್ಲು ಗಾಲಿಗೆ ಸಿಕ್ಕು ಎರಡು ತುಂಡಾಯಿತು. ಒಂದು ಕಡಿಮೆ ಬಿತ್ತು.

ಕುಲಕರ್ಣಿ ಕೃಷ್ಣಾಜಿ ಗಟಾರದ ದಂಡೆಯ ಮೇಲೆ ನಿಂತಿದ್ದ. ಧೋತರ ಒಂದು ಗೇಣು ಎತ್ತಿ ಹಿಡಿದಿದ್ದ. ಅವನ ಕಣ್ಣು ನಮ್ಮ ದುರಗವ್ವನ ಕಟ್ಟೆಗೆ ಹೋಯಿತು.

“ಅಲ್ಲೊಂದು ಕಲ್ಲು ಅದ ನೋಡ್ರಿ. ನೀಟಾಗೇದ. ತಗೊಂಡ ಬರ್ರಿ.”

ಅದು ದೀಪದ ಕಲ್ಲು. ನಮ್ಮ ದುರಗವ್ವನಿಗೆ ಗುಡಿ ಇಲ್ಲ, ಮೂರ್ತಿ ಇಲ್ಲ. ಒಂದು ಬೇವಿನ ಗಿಡ, ಒಂದು ಮಣ್ಣಿನ ಕಟ್ಟೆ, ಅದರ ಮುಂದೆ ಈ ಕರಿಕಲ್ಲು. ಶೆಟ್ಟೆವ್ವನ ಅತ್ತೆ ಹೊಳೆಯಿಂದ ತಲೆಯ ಮೇಲೆ ಹೊತ್ತು ತಂದು ನಿಲ್ಲಿಸಿದ್ದಳಂತೆ. ಎಣ್ಣೆ ಕುಡಿದು ಕುಡಿದು ಅದು ಎಮ್ಮೆಯ ಮೈಯ ಹಾಗೆ ಹೊಳೆಯುತ್ತಿತ್ತು.

“ಅದ ದೇವರದ ಐತ್ರಿ ಧಣೇರ” ಅಂದಳು ಶೆಟ್ಟೆವ್ವ.

“ನಿಮ್ಮ ದೇವರಿಗೆ ಒಂದಿನ ಕಲ್ಲಿಲ್ಲದಿದ್ದರ ಉಪವಾಸ ಬೀಳ್ತದೇನ?” ಅಂದ ಕೃಷ್ಣಾಜಿ. ಅವನ ಹಿಂದೆ ನಿಂತವರು ನಕ್ಕರು.

ಹಜರತಸಾಬ ಬಂದ. ಅವನ ಮುಖದಲ್ಲಿ ನಗು ಇರಲಿಲ್ಲ.

“ಯಕ್ಕಾ, ಗಾಡಿ ಮ್ಯಾಲೆದ್ದಕೂಡ್ಲೆ ಮನೋಳಿಯಿಂದ ಬ್ಯಾರೇದು ತರಸ್ತೇನಿ. ಇದನ್ನ ಸಂಜೀಕ ತಿರಗಿ ತಂದ ಇಡತೇನಿ. ನನ್ನ ಜಬಾನ ಇದು.”

ಶೆಟ್ಟೆವ್ವ ಕಲ್ಲಿಗೆ ಕೈ ಮುಗಿದು ಪಕ್ಕಕ್ಕೆ ಸರಿದಳು. ಕಲ್ಲು ಕಿತ್ತ ತಗ್ಗಿನಲ್ಲಿ ಬಿಳಿ ಹುಳ ಮಿಸುಕಾಡಿದವು.

ಓಣಿ ಅಳೆಯುವ ಹೊತ್ತಿಗೆ ಮೊದಲ ಅಡ್ಡಿ ಬಂತು. ಸರಪಳಿ ಹಿಡಿದು ರಾಯಪ್ಪ ಗುಡಿಯ ದಾರಿಗೆ ಕಾಲಿಡುವಂತಿಲ್ಲ. ಸರಿ, ಗೌಡರ ಆಳು ಹಿಡಿಯಲಿ ಅಂದರು. ಸರಪಳಿಯನ್ನು ರಾಯಪ್ಪ ಇಷ್ಟು ದಿನ ಮುಟ್ಟಿದ್ದಾನೆ, ಅದು ಹಣಮಂತದೇವರ ಮುಂದೆ ಹೇಗೆ ಹೋಗಬೇಕು? ತೊಳೆಯೋಣ ಅಂದರು. ಸರಕಾರದ ಸರಪಳಿ, ತುಕ್ಕು ಹಿಡೀತದ ಅಂತ ರಘೋತ್ತಮರಾವ ಕೊಡಲಿಲ್ಲ. ಕಡೆಗೆ ಹಗ್ಗ ತರಿಸಿದರು. ಚಾವಡಿಯ ಮುಂದೆ ಸರಪಳಿಯ ಪಕ್ಕಕ್ಕೆ ಹಗ್ಗ ಹಾಸಿ, ಸರಪಳಿಯಷ್ಟೇ ಉದ್ದಕ್ಕೆ ಕೆಂಪು ಅರಿವೆ ಕಟ್ಟಿದರು.

ಆಗ ಕೃಷ್ಣಾಜಿಗೆ ಇನ್ನೊಂದು ನೆನಪಾಯಿತು. ಹಗ್ಗ ಹೊಸೆದವಳು ಶೆಟ್ಟೆವ್ವ.

ಹಗ್ಗವನ್ನು ಗುಡಿಯ ಬಾವಿಯ ಹತ್ತಿರ ಒಯ್ದರು. ನೀರು ತುಂಬಿದ ಕಲ್ಲಿನ ದೋಣಿಯೊಳಗೆ ಮುಳುಗಿಸಿದರು. ಗೋಮೂತ್ರ ಚಿಮುಕಿಸಿದರು. ಮತ್ತೆ ಮುಳುಗಿಸಿದರು. ನಮ್ಮ ಬೆರಳಿನ ಬೆವರನ್ನು ನಾರುನಾರಿನಿಂದ ತೆಗೆಯಬೇಕಲ್ಲ. ಹಾಗೆ ತೊಯ್ದು ನೀರು ಸೋರುವ ಹಗ್ಗ ಹಿಡಿದೇ ಅಳೆಯಲು ನಿಂತರು. ಒಂದು ತುದಿ ಗೌಡರ ಆಳಿಗೆ, ಒಂದು ತುದಿ ಹಜರತಸಾಬನಿಗೆ.

ತೊಯ್ದ ಹಗ್ಗ ಗಿಡ್ಡಾಗುತ್ತದೆ. ಹೊರಸು ಹೆಣೆದವರಿಗೆ ಗೊತ್ತು, ದನ ಕಟ್ಟಿದವರಿಗೆ ಗೊತ್ತು. ದಿನಾ ಬಾವಿಯ ನೀರು ಸೇದುವ ಕುಲಕರ್ಣಿ ಮನೆಯ ಸುಂದರಾಬಾಯಿಗೆ ಗೊತ್ತು. ಕೃಷ್ಣಾಜಿಗೂ ಗೊತ್ತು. ಮೋಜಣಿದಾರನಿಗೆ ಗೊತ್ತಿಲ್ಲದೆ ಇರುತ್ತದೆಯೆ?

ರಾಯಪ್ಪ ದೂರದಿಂದ ಕೂಗಿದ. “ಎಪ್ಪಾ, ಹಗ್ಗ ಎಳಕೊಂಡೈತ್ರಿ. ಒಣಗಲಿ, ಆಮ್ಯಾಲೆ ಅಳೀರಿ.”

“ನೀ ಹೇಳೂತನಕ ದೇವರು ಕಾಯಬೇಕೇನಲೇ?” ಅಂದ ಕೃಷ್ಣಾಜಿ.

ಗಿಡ್ಡಾದ ಹಗ್ಗ ಹೆಚ್ಚು ಸಲ ಬಿತ್ತು. ಗುಡಿಯ ಅಂಗಳ ಬೆಳೆಯಿತು. ಕುಲಕರ್ಣಿ ಓಣಿ ಬೆಳೆಯಿತು. ಗೌಡರ ವಾಡೆ ಬೆಳೆಯಿತು. ನೆಲ ಇದ್ದಷ್ಟೇ ಇತ್ತು. ಕಾಗದದ ಮೇಲೆ ಅವರ ಊರು ಉಬ್ಬುತ್ತ ಬಂತು.

ಅಳೆಯುತ್ತ ಅಳೆಯುತ್ತ ಗಟಾರಕ್ಕೆ ಬಂದರು. ಅಲ್ಲಿಗೆ ಹಗ್ಗ ನಿಂತಿತು. ಗಟಾರಕ್ಕೆ ಒಂದು ಚಪ್ಪಡಿ ಅಡ್ಡ ಹಾಕಿತ್ತು. ರಘೋತ್ತಮರಾವ ಅದನ್ನು ದಾಟಲಿಲ್ಲ. ಮೂಗಿಗೆ ಕರವಸ್ತ್ರ ಹಿಡಿದು ನಮ್ಮ ಕಡೆ ನೋಡಿದ.

“ಎಷ್ಟು ಮನಿ ಅವ ಅಲ್ಲಿ?”

“ಇರ್ತಾವ ಹತ್ತೋ ಹನ್ನೆರಡೋ. ಗುಡಿಸಲಾ ಏನ ಎಣಿಸೋದು ರಾಯರ? ಊರು ಅಳದ ಉಳಿದದ್ದು ಕೇರಿ ಅಂತ ಹಾಕಿಬಿಡ್ರಿ” ಅಂದ ಕೃಷ್ಣಾಜಿ.

ಉಂಡು ಉಳಿದ ರೊಟ್ಟಿ ನಮಗೆ ಗೊತ್ತಿತ್ತು. ಉಟ್ಟು ಉಳಿದ ಸೀರೆ ಗೊತ್ತಿತ್ತು. ಈಗ ಅಳೆದು ಉಳಿದ ಭೂಮಿ. ನನ್ನ ಬಾಯಲ್ಲಿ ಹುಳಿ ನೀರು ಬಂತು. ಉಗುಳಿದೆ.

ಮಧ್ಯಾಹ್ನ ಚಾವಡಿಯ ಮೆಟ್ಟಿಲ ಕೆಳಗೆ ಹುಣಸಿ ಗಿಡದ ಬುಡಕ್ಕೆ ನಾವು ಕಲ್ಲುಗಳ ಜೋಡಿ ಕುಂತಿದ್ದೆವು. ಮೇಲೆ ಕೃಷ್ಣಾಜಿ, ಮೋಜಣಿದಾರ ಇಬ್ಬರೂ ಕಾಗದ ನೋಡುತ್ತಿದ್ದರು. ಕಲ್ಲಿಗೆ ಕಿವಿ ಇಲ್ಲ ಅಂತ ನಮ್ಮ ಮುಂದೆಯೇ ಮಾತಾಡಿದರು.

“ಕೂಡವಲ್ತು ರಾಯರ” ಅಂದ ರಘೋತ್ತಮರಾವ. “ಹೊರಸುತ್ತು ಸರಪಳೀಲೆ ಅಳದದ್ದು, ಅದು ಖರೇ ಅದ. ಒಳಗಿನದು ಹಗ್ಗದ್ದು. ಹೆಚ್ಚು ಬಂದದ. ಊರು ತನ್ನ ಗಡಿ ಬಿಟ್ಟು ಹೊರಗ ಹೊಂಟದ. ಇನ್ನೊಮ್ಮೆ ಸರಪಳಿ ಹಿಡೀಬೇಕಾಗ್ತದ.”

“ಹಣಮಂತದೇವರ ಮುಂದ ಹೊಲ್ಯಾನ ಸರಪಳಿ? ನೀವು ಬ್ರಾಹ್ಮಣರು ಆಗಿ ಹೀಂಗ ಅಂದ್ರ ಹ್ಯಾಂಗ?”

“ಮತ್ತ ಹೆಚ್ಚು ಬಂದದ್ದು ಎಲ್ಲಿ ಹಾಕ್ಲಿ?”

“ಕೆಳಗ ಜಾಗಾ ಅದಲ್ಲ, ಅಲ್ಲಿ ಒಂದಿಷ್ಟು ಒತ್ತರಿ. ಹೆಂಗೂ ಅಳದಿಲ್ಲ, ಕಡಿಮಿ ಆತು ಅಂತ ಯಾರು ಅಂತಾರ? ಏಳ್ರಿ, ಎಲಿ ಹಾಕ್ಯಾರ. ಸುಂದರಾಬಾಯಿ ಹೋಳಿಗಿ ಮಾಡ್ಯಾಳ.”

ರಬ್ಬರು ಕಾಗದದ ಮೇಲೆ ಓಡಾಡಿದ ಸಪ್ಪಳ ನಮಗೆ ಕೇಳಿಸಿತು. ಇಲಿ ಕಡಿದ ಹಾಗಿತ್ತು. ಶೆಟ್ಟೆವ್ವ ತಲೆ ಎತ್ತಿ ಮೇಲೆ ನೋಡಿದಳು.

“ಏನ ಅಳಸಾಕ ಹತ್ಯಾರ?” ಅಂದಳು.

ಹೋಳಿಗೆಯ ತುಪ್ಪದ ವಾಸನೆ ಬಂತು. ನಾನು ಮೂಗಿಗೆ ಸೆರಗು ಹಿಡಿದೆ. ನಾನು ದೇವರನ್ನು ನಂಬಿದವಳು. ಮಡಿ ಅಂದರೆ ಏನೆಂದು ನನಗೆ ಗೊತ್ತು. ಮನಸ್ಸು ತೊಳೆದುಕೊಂಡು ಅವನ ಮುಂದೆ ನಿಲ್ಲುವುದು ಮಡಿ. ಹಗ್ಗ ತೊಳೆದು ಮನೆ ನುಂಗುವುದಲ್ಲ. ಅವತ್ತು ಏರಿನ ಮೇಲೆ ಕುಂತ ಆ ಹಣಮಂತದೇವರಿಗೆ ಹೇಸಿಗೆ ಬಂದಿದ್ದರೆ, ಅದು ನಮ್ಮ ಮೇಲೆ ಬಂದಿರಲಿಕ್ಕಿಲ್ಲ.

ಉಂಡು, ಎಲಿ ಅಡಿಕಿ ಹಾಕಿಕೊಂಡು ಬಂದರು. ಹಜರತಸಾಬ ಉಳಿ ತಗೊಂಡು ಒಂದೊಂದು ಕಲ್ಲಿನ ನೆತ್ತಿಯ ಮೇಲೆ ಅಡ್ಡ ಒಂದು, ಉದ್ದ ಒಂದು ಗೆರೆ ಕೊರೆದ. ಸರಕಾರದ ಗುರುತು. ಕಲ್ಲು ನಮ್ಮ ತಲೆಗೆ ಬಂದವು. ಮೋಜಣಿದಾರ ಬೆತ್ತ ಚಾಚಿದಲ್ಲಿ ರಾಯಪ್ಪ ಹಾರೆಯಿಂದ ತಗ್ಗು ತೋಡಿದ, ನಾವು ಕಲ್ಲು ಇಳಿಸಿದೆವು.

ಕಡೆಯ ಕಲ್ಲು ಶೆಟ್ಟೆವ್ವನ ಪಾಲಿಗೆ ಬಂತು. ಆಕೆ ಅದರ ಮೈಮೇಲೆ ಕೈ ಆಡಿಸಿದಳು. ಎಣ್ಣೆಯ ಜಿಡ್ಡು ತಾಕಿತು. ದುರಗವ್ವನ ಕಲ್ಲು. ನೆತ್ತಿಯ ಮೇಲೆ ಕೊರೆದಿದ್ದರು.

ಸಿಂಬಿ ಸರಿಮಾಡಿಕೊಂಡು ಹೊತ್ತಳು.

“ನಡಿ” ಅಂದ ಕೃಷ್ಣಾಜಿ.

ಗಟಾರದ ತನಕ ಬಂದಳು. “ಇಲ್ಲೇನ್ರಿ?”

“ದಾಟು.”

ಚಪ್ಪಡಿ ದಾಟಿದಳು. ನಮಗೆ ತಿಳಿಯಲಿಲ್ಲ. ಊರಿನ ಗಡಿ ಗಟಾರ ಅಲ್ಲವೆ? ಅವರೇ ಹಾಕಿದ ಗಡಿ ಅದು.

ರಘೋತ್ತಮರಾವ ಆಚೆ ದಂಡೆಯ ಮೇಲೆ ನಿಂತು ಕಾಗದ ನೋಡಿದ, ಬೆತ್ತ ಚಾಚಿದ. “ಇನ್ನ ಮುಂದ. ಇನ್ನಷ್ಟು. ಚಪ್ಪರದ ಒಳಗ. ಆ ಒಲಿ ಅದ ನೋಡು, ಅಲ್ಲೇ.”

ಒಲೆಯಲ್ಲಿ ಇನ್ನೂ ಬೂದಿ ಬಿಸಿ ಇತ್ತು. ಮೇಲೆ ಹಂಚು ಬೋರಲು ಹಾಕಿತ್ತು.

“ಒಲಿ ತಗದು ಹುಗಿ. ಇದರ ಈಚೆ ಕಡೆ ಊರಿಂದು. ಮನಿ ಎಬ್ಬಸ್ಬೇಕಾಗ್ತದ” ಅಂದ ಕೃಷ್ಣಾಜಿ. ಬಿತ್ತಿಗೆಗೆ ಬೀಜ ತರಬೇಕಾಗ್ತದ ಅಂದಷ್ಟು ಸಲೀಸಾಗಿ ಅಂದ.

ಶೆಟ್ಟೆವ್ವ ಕಲ್ಲು ಹೊತ್ತುಕೊಂಡೇ ತಿರುಗಿದಳು.

“ಎಲ್ಲಿ ಅಂದ್ರಿ ಸಾಹೇಬ್ರ?”

“ಹೇಳಿದ್ನೆಲ್ಲ. ಒಲಿ ಮ್ಯಾಲೆ.”

“ಅಲ್ಲಿಂದ ಹೇಳಿದ್ರ ತಿಳ್ಯಾಂಗಿಲ್ರಿ. ಒಳಗ ಬರ್ರಿ.”

ಮೋಜಣಿದಾರ ಬೆತ್ತ ಅಲುಗಿಸಿದ. “ಇಲ್ಲಿಂದನ ಕಾಣಸ್ತದ.”

“ನನಗ ಕಾಣಸವಲ್ತು. ಬರ್ರಿ. ಕಾಲ ಇಟ್ಟು ತೋರಸ್ರಿ. ನಿಮ್ಮ ಕಾಲ ಎಲ್ಲಿಡತೀರಿ, ಅಲ್ಲೇ ಹುಗೀತೇನಿ. ಒಲಿ ನಾನ ಒಡೀತೇನಿ.”

“ಶೆಟ್ಟೀ, ಬಾಯಿ ಭಾಳ ಆತು” ಅಂದ ಕೃಷ್ಣಾಜಿ.

“ಬಾಯಿ ಎಲ್ಲೈತ್ರಿ ಧಣೇರ. ತಲಿ ಮ್ಯಾಲ ಕಲ್ಲೈತಿ, ಲಗೂ ಬರ್ರಿ ಅನ್ನಾಕ ಹತ್ತೇನಿ. ನಿಮ್ಮದ ಜಾಗಾ ಅಂತೀರಿ, ನಿಮ್ಮ ಜಾಗಾಕ್ಕ ಬರಾಕ ನಿಮಗೇನ ಅಂಜಿಕಿ? ನೀವು ಕಾಲಿಡಲಾರದ ನೆಲ ನಿಮ್ಮದು ಹ್ಯಾಂಗ ಆಕ್ಕೈತ್ರಿ?”

ಕೇರಿಯವರೆಲ್ಲ ಬಂದು ನಿಂತಿದ್ದರು.

ರಘೋತ್ತಮರಾವ ಚಪ್ಪಡಿಯ ಮೇಲೆ ಒಂದು ಕಾಲು ಇಟ್ಟ. ಇಟ್ಟದ್ದು ಖರೆ, ನಾನು ಕಂಡೆ. ಅಷ್ಟರಲ್ಲಿ ಕೃಷ್ಣಾಜಿ ಮೆಲ್ಲಗೆ ಅಂದ:

“ರಾಯರ, ರಾತ್ರಿ ಊಟಾನೂ ನಮ್ಮಲ್ಲೇ ಅದ. ನೆನಪಿರ್ಲಿ.”

ಕಾಲು ಹಿಂದಕ್ಕೆ ಹೋಯಿತು. ಬೂಟಿನ ತುದಿಯನ್ನು ಹುಲ್ಲಿಗೆ ಒರೆಸಿದ. ಸಗಣಿ ತುಳಿದವರು ಒರೆಸುವ ಹಾಗೆ.

“ಏ ರಾಯಾ, ನಿನ್ನ ಹೇಣ್ತಿ ತಲಿ ಮ್ಯಾಲಿನ ಕಲ್ಲ ಇಳಿಸಿ ನೀ ಹುಗಿ” ಅಂದ ಕೃಷ್ಣಾಜಿ.

ರಾಯಪ್ಪನ ಕೈಯಲ್ಲಿ ಹಾರೆ ಇತ್ತು. ಅವ ತನ್ನ ಅಂಗೈ ನೋಡಿಕೊಂಡ. ಹಾರೆಯನ್ನು ಎತ್ತಲೂ ಇಲ್ಲ, ಒಗೆಯಲೂ ಇಲ್ಲ. ನೆಲದ ಮೇಲೆ ಮಲಗಿಸಿದ, ಕೂಸನ್ನು ಮಲಗಿಸಿದ ಹಾಗೆ.

“ನಾ ಎಳದ ಸರಪಳಿ ಖರೇ ಐತಿ ಅಂತ ನೀವ ಅಂದ್ರಿ ಸಾಹೇಬ್ರ. ಚಾವಡ್ಯಾಗ ಅಂದ್ರಿ, ನಾವ ಕೇಳೇವಿ. ಆ ಸರಪಳಿ ಹಿಡದ ಬರ್ರಿ. ಆವಾಗ ಹುಗೀತೇನಿ. ತೊಯ್ದ ಹಗ್ಗಕ್ಕ ನನ್ನ ಒಲಿ ಕೊಡಂಗಿಲ್ಲ.”

ಗೌಡರ ಆಳು ಬೈದ. ನಾಳಿಂದ ಸುಗ್ಗಿಯ ಆಯ, ದುಡಿಮೆಗೆ ಕೊಡುವ ಕಾಳು, ಬಂದ್, ಹೊಲದ ಬದುವಿಗೆ ಕಾಲಿಟ್ಟರೆ ಕಾಲು ಮುರಿಯುತ್ತೇವೆ ಅಂದ. ನಮ್ಮ ತಾಯಂದಿರನ್ನೂ ನಮ್ಮನ್ನೂ ಸೇರಿಸಿ ಬೈದ. ಆ ಬೈಗಳನ್ನು ಇಲ್ಲಿ ಬರೆದರೆ ಕಾಗದ ಹೊಲಸಾಗುತ್ತದೆ. ನಾವು ಒಬ್ಬೊಬ್ಬರೇ ತಲೆಯ ಮೇಲಿನ ಸಿಂಬಿ ತೆಗೆದು, ಜಾಡಿಸಿ, ಹೆಗಲಿಗೆ ಹಾಕಿಕೊಂಡೆವು. ಇನ್ನು ಹೊರುವುದಿಲ್ಲ ಅಂತ ಯಾರೂ ಬಾಯಿಬಿಟ್ಟು ಅನ್ನಲಿಲ್ಲ.

ರಘೋತ್ತಮರಾವ ಹಜರತಸಾಬನ ಕಡೆ ತಿರುಗಿದ. “ನೀ ಹೋಗು. ನೀ ಹುಗಿ.”

ಹಜರತಸಾಬ ತೊಯ್ದ ಹಗ್ಗದ ತುದಿ ಹಿಡಿದವನು. ಅವನಿಗೂ ಎಲ್ಲ ಗೊತ್ತಿತ್ತು. ತಲೆ ತಗ್ಗಿಸಿ ನಿಂತ. ಆಮೇಲೆ ಅಂದ:

“ಮಂದಿ ಒಲಿ ಮ್ಯಾಲೆ ಕಲ್ಲ ಹುಗಿ ಅಂತ ನಿಮ್ಮ ಕೈಲೆ ಬರದ ಕೊಡ್ರಿ ಸಾಹೇಬ್ರ. ಹುಗೀತೇನಿ.”

ಇಡೀ ದಿನ ಬರೆದ ಕೈ ಆಗ ಬರೆಯಲಿಲ್ಲ.

ಶೆಟ್ಟೆವ್ವನ ಕುತ್ತಿಗೆ ನಡುಗಲು ಹತ್ತಿತ್ತು. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಆಕೆ ಚಪ್ಪಡಿ ದಾಟಿ ಅವರ ಕಡೆ ನಡೆದಳು. ಅವರಿಬ್ಬರೂ ಹಿಂದೆ ಸರಿದರು. ಸರಿದ ಜಾಗದಲ್ಲಿ ಕಲ್ಲು ಇಳಿಸಿದಳು. ಕೆಸರು ಸಿಡಿದು ಕೃಷ್ಣಾಜಿಯ ಧೋತರಕ್ಕೆ ಬಿತ್ತು.

“ಇದ ದುರಗವ್ವನ ದೀಪದ ಕಲ್ಲು. ಸಂಜೀಕ ತಿರಗಿ ಕೊಡತೇನಿ ಅಂತ ಒಯ್ದೀರಿ. ನಾ ಹೊತ್ತ ಒಯ್ಯಂಗಿಲ್ಲ. ಒಯ್ದವರ ತಂದ ಇಡಬೇಕು.”

“ಗುರ್ತು ಹಾಕ್ಯದ. ಇದೀಗ ಸರಕಾರದ ಕಲ್ಲು” ಅಂದ ಕೃಷ್ಣಾಜಿ, ಧೋತರ ಜಾಡಿಸುತ್ತ. “ಕೈ ಹಚ್ಚಿದವರು ಜೇಲಿಗೆ ಹೋಗ್ತಾರ. ತಿಳೀತಿಲ್ಲೋ?”

“ನಾ ಹಚ್ಚಂಗಿಲ್ಲ ಅಂದ್ನಲ್ರಿ.”

ಕೃಷ್ಣಾಜಿ ಸ್ನಾನಕ್ಕೆ ಹೋದ. ಮೋಜಣಿದಾರ ಕಾಗದ ಸುರುಳಿ ಸುತ್ತಿದ. ಕಲ್ಲು ಹುಗಿಯದೆ ಗೆರೆ ಕೂಡಿಸಲು ಬರುವುದಿಲ್ಲವಂತೆ. ನಮ್ಮ ಕಡೆಯ ಗೆರೆ ಬಾಯಿ ತೆರೆದುಕೊಂಡೇ ಉಳಿಯಿತು. ಆ ಕಾಗದ ಮುಂದೆ ಯಾವ ಮೇಜಿನ ಮೇಲೆ ಏನಾಯಿತೋ, ಅವತ್ತು ನಮಗೆ ತಿಳಿಯುವ ಹಾಗಿರಲಿಲ್ಲ. ಆ ಸುಗ್ಗಿಗೆ ನಮಗೆ ಆಯದ ಕಾಳು ಬರಲಿಲ್ಲ. ಅದಂತೂ ಗೊತ್ತು.

ಹೊತ್ತು ಮುಳುಗುತ್ತಿತ್ತು. ಮೋಡ ಒಡೆದು ಪಡುವಣ ಕೆಂಪಾಗಿತ್ತು. ಶೆಟ್ಟೆವ್ವ ಕಾಲು ಮುಖ ತೊಳೆದು, ಹಣತೆಗೆ ಎಣ್ಣೆ ಹಾಕಿ, ದೀಪ ಹಚ್ಚಿಕೊಂಡು ಕಟ್ಟೆಗೆ ಬಂದಳು. ಕಲ್ಲು ಇದ್ದಲ್ಲಿ ತಗ್ಗು. ತಗ್ಗಿನಲ್ಲಿ ನೀರು.

“ಕೆಳಗ ಇಡ ಬೇ ಇವತ್ತೊಂದಿನ” ಅಂದೆ ನಾನು.

“ಕೆಳಗ ಇಡಂಗಿಲ್ಲ.”

ದೀಪ ಹಿಡಿದು ನಿಂತೇ ಇದ್ದಳು. ಗಾಳಿ ಬಿಟ್ಟಿತ್ತು. ಇನ್ನೊಂದು ಕೈಯಿಂದ ಮರೆ ಮಾಡಿಕೊಂಡಿದ್ದಳು. ನಾವೂ ನಿಂತೆವು.

ಚಪ್ಪಡಿಯ ಮೇಲೆ ಯಾರೋ ಬಂದ ಸಪ್ಪಳಾಯಿತು. ಹಜರತಸಾಬ. ಸಿಪಾಯಿಯ ಪಟ್ಟಾ ಮೈಮೇಲೆ ಇರಲಿಲ್ಲ. ತಲೆಯ ರುಮಾಲು ಬಿಚ್ಚಿ ಸಿಂಬಿ ಸುತ್ತಿದ್ದ. ಅದರ ಮೇಲೆ ಕಲ್ಲು. ಭಾರ ಹೊತ್ತು ರೂಢಿ ಇಲ್ಲದವನು, ಒಂದೊಂದೇ ಹೆಜ್ಜೆ ನೋಡಿ ಇಡುತ್ತಿದ್ದ. ರಾಯಪ್ಪ ಕೈ ಕೊಡಲು ಹೋದ. ಬ್ಯಾಡ ಅಂತ ತಲೆ ಅಲ್ಲಾಡಿಸಲಿಕ್ಕೂ ಅವನಿಗೆ ಆಗಲಿಲ್ಲ, ಕಣ್ಣಿನಿಂದಲೇ ತಡೆದ.

ತಗ್ಗಿನ ಮುಂದೆ ಕುಂತ. ಕಲ್ಲು ಇಳಿಸಿದ. ನೀರು ತೋಡಿ ಚೆಲ್ಲಿ, ಕಲ್ಲು ನಿಲ್ಲಿಸಿ, ಸುತ್ತ ಮಣ್ಣು ತುಂಬಿ ಅಂಗೈಯಿಂದ ಗುದ್ದಿದ. ಎದ್ದು ಕೈ ಒರೆಸಿಕೊಂಡ.

ಶೆಟ್ಟೆವ್ವ ಬಗ್ಗಿ ನೋಡಿದಳು.

“ಡೊಂಕ ಐತಿ ಅಣ್ಣಾ” ಅಂದಳು. “ಮೊದಲ ಹೀಂಗ ಇರಲಿಲ್ಲ.”

ಅವ ಮತ್ತೆ ಕುಂತ. ಮಣ್ಣು ಬಿಡಿಸಿ, ಕಲ್ಲು ಅಪ್ಪಿ ಹಿಡಿದು ಅಷ್ಟು ಸರಿಸಿದ. ಆಕೆಯ ಮುಖ ನೋಡಿದ. ಇನ್ನೊಂದಿಷ್ಟು ಸರಿಸಿದ.

“ಹಾಂ” ಅಂದಳು ಶೆಟ್ಟೆವ್ವ. ಹಣತೆಯನ್ನು ಆ ಕೊರೆದ ಗೆರೆಗಳ ನಡುವೆ ಇಟ್ಟಳು.